ಸತ್ತ ಸಾಲ

ತಾಯಿಯ ಅಂಗಿಯ ಕೊರಳಪಟ್ಟಿ ಸರಿಮಾಡುತ್ತಿದ್ದಾಗ ಜನೆಲ್‌ಳ ಕೈಚೀಲದಲ್ಲಿ ಫೋನು ಗುಂಯ್‌ಗುಟ್ಟಿತು. ಶವಪೆಟ್ಟಿಗೆ ಮುಚ್ಚುವವರಿಗೆ ತುಸು ತಡೆಯಿರೆಂದು ಸನ್ನೆ ಮಾಡಿ ಅವಳು ಚರ್ಚಿನ ಮೊಗಸಾಲೆಗೆ ಬಂದಳು.

“ನಿಮ್ಮ ತಾಯಿ ಹೋದ್ರಂತೆ, ಕೇಳಿ ಬೇಜಾರಾಯ್ತು ಮೇಡಂ,” ಎಂದಿತು ಬೆಣ್ಣೆ ಸವರಿದ ದನಿ. “ಅವ್ರ ಸೊಂಟದ ಆಪರೇಷನ್ ಹಳೇ ಬಾಕಿ ಹಾಗೇ ಇದೆ. ಪೂರ್ತಿ ಬೇಡ, ಇವತ್ತು ಕೈಲಾದಷ್ಟು ಕಟ್ಟಿ. ಅವ್ರ ಹೆಸರಿಗೊಂದು ಮರ್ಯಾದೆ.”

ಆಸ್ಪತ್ರೆಗಳು ಕೈಬಿಟ್ಟ ಬಾಕಿಯನ್ನು ಪುಡಿಗಾಸಿಗೆ ಕೊಂಡು ವಸೂಲಿಗೆ ಬೀಳುವ ಕಂಪನಿ ಅದು. ಸಾವಿನ ಸುದ್ದಿ ನೆಂಟರಿಗಿಂತ ಮೊದಲು ಅವರಿಗೆ ಮುಟ್ಟುತ್ತದೆ. ಜನೆಲ್‌ಗೆ ಇದೆಲ್ಲ ಗೊತ್ತಿತ್ತು. ಆದರೂ ಮರ್ಯಾದೆ ಎಂಬ ಮಾತು ಎದೆಗೆ ನಾಟಿತು. ಒಳಗೆ ಊರಿಗೆ ಊರೇ ನೆರೆದಿದೆ, ಅಮ್ಮ ಸಾಲಗಾರಳಾಗಿ ಮಣ್ಣು ಸೇರಬೇಕೇ? ಅವಳ ಕೈ ಪರ್ಸಿಗೆ ಹೋಯಿತು.

ಬಾಗಿಲಲ್ಲಿ ಒರಗಿ ಉಸಿರೆಳೆದುಕೊಳ್ಳುತ್ತಿದ್ದ ಪಕ್ಕದ ಮನೆಯ ಹೋಬರ್ಟ್, ಕಲ್ಲಿದ್ದಲು ಗಣಿಯ ಮುದುಕ, ಅದನ್ನು ನೋಡಿಬಿಟ್ಟ.

“ವಸೂಲಿಯವ್ರಾ? ಒಂದು ಡಾಲರ್ ಕೊಟ್ರೂ ಅದಕ್ಕೆ ಜೀವ ಬರುತ್ತೆ ಕಣಮ್ಮ. ಆಮೇಲೆ ನೀನಿರೋ ಮನೆ ಮೇಲೇ ಬರ್ತಾರೆ. ನಿಮ್ಮಮ್ಮ ಪಟ್ಟ ಪಾಡು ಮರೆತ್ಯಾ?”

*

ಜನೆಲ್‌ಳ ತಾಯಿ ಆರ್ಫಾ ಸ್ಟಿಡಮ್ ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಗಂಡನನ್ನು ಆಸ್ಪತ್ರೆ ಉಳಿಸಲಿಲ್ಲ, ಬಿಲ್ಲನ್ನು ಮಾತ್ರ ಉಳಿಸಿತು. ಅದು ಹಳತಾಗಿ, ಇನ್ನು ಕೋರ್ಟಿಗೆ ಎಳೆಯುವಂತಿಲ್ಲ ಎಂಬಷ್ಟು ಹಳತಾಯಿತು. ಕೆಂಟಕಿಯ ಆ ಗುಡ್ಡಗಳಲ್ಲಿ ಅದಕ್ಕೆ ಸತ್ತ ಸಾಲ ಎನ್ನುತ್ತಾರೆ. ಆಗಲೂ ಹೀಗೇ ಒಂದು ದನಿ ಮರ್ಯಾದೆಯ ಮಾತೆತ್ತಿತು. ಯಾರ ಹಂಗಿನಲ್ಲೂ ಇರಬಾರದೆಂದು ಆರ್ಫಾ ಹತ್ತು ಡಾಲರ್ ಕಳಿಸಿದಳು. ಕಟ್ಟಿದ್ದೇ ಸಾಲ ಒಪ್ಪಿಕೊಂಡಂತಾಗಿ ಸತ್ತಿದ್ದು ಎದ್ದು ಕೂತಿತು. ಕೋರ್ಟಿನ ನೋಟೀಸು ಬಂತು.

ಅಂಥ ನೋಟೀಸು ಬಂದವರು ನಾಚಿಕೆಗೆ ಬಾಗಿಲು ಹಾಕಿಕೊಂಡು ಮನೆಯಲ್ಲೇ ಕೂರುತ್ತಿದ್ದರು. ಕೋರ್ಟಿಗೆ ಬಾರದವರು ಸೋತ ಹಾಗೇ ಲೆಕ್ಕ. ಕಂಪನಿಯ ವಕೀಲ ವಿಟ್ಲೋನ ಹೊಟ್ಟೆ ತುಂಬುತ್ತಿದ್ದುದು ಅದರಿಂದಲೇ. ಆರ್ಫಾ ಮಾತ್ರ ಭಾನುವಾರ ಚರ್ಚಿಗೆ ಹಾಕುವ ಫ್ರಾಕು ಇಸ್ತ್ರಿ ಮಾಡಿ ಹಾಕಿಕೊಂಡು ಹೋದಳು.

“ಸಾಲ ನಂದೇ ಸ್ವಾಮಿ. ಅದು ಇವ್ರದ್ದು ಹೇಗಾಯ್ತು ಅಂತ ಕಾಗದ ತೋರಿಸ್ಲಿ,” ಎಂದಳು.

ವಿಟ್ಲೋ ಚೀಲವೆಲ್ಲ ತಡಕಿದ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅವನೂ ತಂದಿರಲಿಲ್ಲ. ನ್ಯಾಯಾಧೀಶೆ ಕೇಸು ವಜಾ ಮಾಡಿದರು.

ಅಂದಿನಿಂದ ಸಾಲದ ಕೇಸುಗಳ ದಿನ ಬಂದರೆ ಸಾಕು, ಆರ್ಫಾ ಚರ್ಚಿನ ವ್ಯಾನು ಕೋರ್ಟಿಗೆ ಹೊರಡಿಸುತ್ತಿದ್ದಳು. ನೋಟೀಸು ಬಂದವರ ಮನೆ ಮುಂದೆ ಒಂದು ಉದ್ದ, ಎರಡು ಗಿಡ್ಡ ಹಾರನ್ನು. “ಮುಸುಕು ತೆಗೀರಿ, ತಲೆ ಬಾಚ್ಕೊಂಡು ಬನ್ನಿ,” ಎಂದು ಕೂಗುತ್ತಿದ್ದಳು. ಕೊನೆಕೊನೆಗೆ ವಿಟ್ಲೋ ಆ ಹಾರನ್ನು ಕೇಳಿದರೇ ಬೆವರುತ್ತಿದ್ದನಂತೆ.

*

“ಮೇಡಂ, ಕಾರ್ಡ್ ನಂಬರ್ ಹೇಳ್ತೀರಾ?”

ಜನೆಲ್ ಪರ್ಸು ಮುಚ್ಚಿದಳು. “ಇದು ನಿಮ್ಮದು ಹೇಗಾಯ್ತು ಅಂತ ಕಾಗದ ಕಳಿಸಿ.”

“ನಿಮ್ಮ ತಾಯಿ ಇದ್ದಿದ್ರೆ ಹೀಗಂತಿರ್ಲಿಲ್ಲ.”

“ಇಲ್ಲೇ ಇದ್ದಾರೆ. ಪೆಟ್ಟಿಗೆ ಇನ್ನೂ ಮುಚ್ಚಿಲ್ಲ. ಕೇಳಿ ಹೇಳ್ಲಾ?”

ಆ ಕಡೆ ಫೋನು ಇಟ್ಟರು. ಹೋಬರ್ಟ್ ನಕ್ಕ ನಗು ಕೆಮ್ಮಾಗಿ ತಿರುಗಿತು. ಜನೆಲ್ ಅವನ ಬೆನ್ನು ತಟ್ಟುತ್ತ ತಾನೂ ನಕ್ಕಳು, ಆ ನಗುವಿನಲ್ಲೇ ಮೊದಲ ಸಲ ಅಳುವೂ ಬಂತು.

“ಅಮ್ಮನ ಜೊತೆ ಆ ಸಾಲಾನೂ ಮಣ್ಣು ಮಾಡೋಣ, ನಡಿ,” ಎಂದ ಹೋಬರ್ಟ್.

ಶವದ ಗಾಡಿಯ ಹಿಂದೆಯೇ ಅವಳು ಚರ್ಚಿನ ವ್ಯಾನು ಹೊರಡಿಸಿದಳು. ಪಕ್ಕದಲ್ಲಿ ಹೋಬರ್ಟ್, ಹಿಂದೆ ಪದ್ಧತಿಯಂತೆ ಹಗಲಲ್ಲೇ ದೀಪ ಹಚ್ಚಿದ ಕಾರುಗಳ ಸಾಲು. ನದಿ ತಿರುವಿನಲ್ಲಿ ಎದುರಿನಿಂದ ಬಂದ ಕಪ್ಪು ಕಾರೊಂದು ರಸ್ತೆ ಬದಿಗೆ ಇಳಿದು ನಿಂತಿತು. ಶವಯಾತ್ರೆಗೆ ದಾರಿ ಬಿಡದವನನ್ನು ಆ ಊರಲ್ಲಿ ಯಾರೂ ಮನುಷ್ಯನೆನ್ನುವುದಿಲ್ಲ. ಕಾರಿನವನು ಇಳಿದು ಟೋಪಿ ತೆಗೆದು ಎದೆಗೊತ್ತಿಕೊಂಡ.

“ವಿಟ್ಲೋ,” ಎಂದ ಹೋಬರ್ಟ್.

ಶವಯಾತ್ರೆಯಲ್ಲಿ ಯಾರೂ ಹಾರನ್ನು ಮಾಡುವುದಿಲ್ಲ. ಜನೆಲ್ ಮಾಡಿದಳು. ಒಂದು ಉದ್ದ, ಎರಡು ಗಿಡ್ಡ. ಹಿಂದಿನ ಕಾರೂ ಹಾಗೇ ಮಾಡಿತು, ಅದರ ಹಿಂದಿನದೂ. ಮುದಿ ವಕೀಲ ಬೋಳುತಲೆಯಲ್ಲಿ ಬಿಸಿಲು ಹೊತ್ತು ನಿಂತೇ ಇದ್ದ. ತಿರುವಿನಲ್ಲಿ ಕಾರುಗಳು ಇನ್ನೂ ಬರುತ್ತಲೇ ಇದ್ದವು.