ಹದಿನೇಳನೇ ನಂಬರಿನ ತುಟಿ

ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸಿನ ಬೆನ್ನು ಹತ್ತಿ ಮೂವತ್ತು ವರ್ಷ ಸವೆಸಿದ ಪ್ರೊಫೆಸರಮ್ಮನಿಗೆ, ಎಂಟು ದಿನದ ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಳ್ಳಬೇಕಾದ ದಿನವೇ ಕೆಳತುಟಿ ಚುರುಗುಟ್ಟಬೇಕೆ? ಮಗಳ ಹೆರಿಗೆಯ ಹೊತ್ತಿಗೆ ದೂರದೂರಿನ ಸಮ್ಮೇಳನದಲ್ಲಿ ಅದೇ ವೈರಸ್ಸಿನ ಗುಣಗಾನ ಮಾಡುತ್ತಿದ್ದರು. ಈಗ ಕನ್ನಡಿಯಲ್ಲಿ ನೋಡಿದರೆ ಗುಳ್ಳೆಯಿಲ್ಲ, ಕೆಂಪಿಲ್ಲ. ಕಾಫಿ ಸುಟ್ಟಿರಬೇಕು ಎಂದುಕೊಂಡರು. ಕಾಫಿ ಆರಿ ತಣ್ಣಗಾಗಿತ್ತು ಎಂಬುದನ್ನು ಜಾಣತನದಿಂದ ಮರೆತರು.

ಆದರೆ ತರಗತಿಯಲ್ಲಿ ತಾವೇ ಹೇಳಿದ್ದನ್ನು ಮರೆಯುವುದು ಹೇಗೆ? ಈ ವೈರಸ್ಸು ಒಮ್ಮೆ ಒಳಹೊಕ್ಕರೆ ಕಿವಿಯ ಬಳಿಯ ನರದ ಗಂಟಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತದೆ. ಒಂದು ಪ್ರೊಟೀನನ್ನೂ ತಯಾರಿಸದು. ಗಸ್ತು ತಿರುಗುವ ಬಿಳಿರಕ್ತಕಣಗಳಿಗೆ ಸುಳಿವೇ ಸಿಗದು. ಎದ್ದು ತುಟಿಗೆ ಬಂದ ಮೇಲೂ ಅದರ ಕಿಲಾಡಿತನ ನಿಲ್ಲದು. ಒಳಗೇನು ನಡೆದಿದೆ ಎಂದು ಜೀವಕೋಶ ಒಳಗಿನ ಪ್ರೊಟೀನಿನ ಒಂದು ಚೂರನ್ನು ಹೊರಗೆ ಹಿಡಿದು ಆ ಗಸ್ತಿನವರಿಗೆ ತೋರಿಸಬೇಕಲ್ಲ, ಆ ಚೂರು ಸಾಗುವ ದಾರಿಯನ್ನೇ ಅಡ್ಡಗಟ್ಟುತ್ತದೆ. ದೊಡ್ಡವರಿಗಾದರೆ ಒಂದು ಗುಳ್ಳೆ, ಹಸುಗೂಸಿಗೆ ತಗುಲಿದರೆ ಪ್ರಾಣಕ್ಕೇ ಸಂಚಕಾರ.

ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಹತ್ತಿಕಡ್ಡಿಯಿಂದ ತುಟಿ ಒರೆಸಿದರು. ರೋಗಿಗಳ ಹದಿನಾರು ಮಾದರಿಗಳ ಪಕ್ಕ ಹದಿನೇಳನೆಯದಾಗಿ ಇಟ್ಟರು. ಮಾದರಿಯ ಮೇಲೆ ಹೆಸರು ಬರೆಯಬಾರದು, ಬರೀ ನಂಬರು ಎಂಬ ನಿಯಮ ಮಾಡಿದ್ದೂ ಅವರೇ.

ಮಧ್ಯಾಹ್ನ ಸಹಾಯಕಿ ಹಿಗ್ಗುತ್ತಾ ಓಡಿಬಂದಳು. "ಮೇಡಂ, ಹದಿನಾರೂ ಠುಸ್! ಹದಿನೇಳು ಮಾತ್ರ, ಅಬ್ಬಬ್ಬಾ, ವೈರಸ್ಸು ತುಂಬಿ ತುಳುಕ್ತಿದೆ. ಯಾರೋ ಪುಣ್ಯಾತ್ಮರು! ಇನ್ನೊಂದ್ಸಲ ಕರೆಸೋಣ್ವಾ?"

"ಬೇಡಮ್ಮ. ಪಾಪ, ಅವರಿಗೆ ಇವತ್ತು ಬೇರೆ ಕೆಲ್ಸ ಇದೆ."

ಸಂಜೆ ಮಗಳ ಮನೆಯಲ್ಲಿ ಕೈ ತೊಳೆದು ನಿಂತಾಗಲೂ ತುಟಿಯ ಮೇಲೆ ಏನೂ ಇರಲಿಲ್ಲ. ಮಗಳು ಮಗುವನ್ನು ಮುಂದೆ ಚಾಚಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಸುಮ್ಮನಿದ್ದು ಗೆಲ್ಲುವ ವಿದ್ಯೆಯಲ್ಲೇ ಡಾಕ್ಟರೇಟು ಪಡೆದವರು ಅವರು. ಕೈ ಅರ್ಧ ದಾರಿ ಹೋಗಿ ಹಿಂದೆ ಬಂತು.

"ಬೇಡ ಕಣೆ. ನನ್ ತುಟೀಲಿ ಹರ್ಪಿಸ್ ಇದೆ."

"ಎಲ್ಲಮ್ಮಾ? ಏನೂ ಇಲ್ವಲ್ಲ!"

"ಇದೆ. ಪರೀಕ್ಷೆ ಮಾಡಿಸ್ದೆ."

"ಅಜ್ಜಿ ಆಗೋಕೂ ಪರೀಕ್ಷೆನಾ?" ಮಗಳು ನಕ್ಕಳು.

ಅಜ್ಜಿ ಮಾಸ್ಕ್ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕುಳಿತರು. ಅದನ್ನು ಕಂಡು ಮಗಳಿಗೆ ಪಾಪವೆನಿಸಿತು. "ಹೋಗ್ಲಿ ಬಿಡು, ನಿನ್ ಪಾಲಿನ ಮುತ್ತೂ ನಾನೇ ಕೊಡ್ತೀನಿ" ಎನ್ನುತ್ತಾ ಮಗುವಿನ ಬಾಯಿಯತ್ತ ಬಾಗಿದಳು.

"ಬೇಡ! ಕೊಡ್ಬೇಡ!" ಪ್ರೊಫೆಸರಮ್ಮ ಎದ್ದ ರಭಸಕ್ಕೆ ಕುರ್ಚಿ ಉರುಳಿತು.

ಮಗಳು ಮಗುವನ್ನು ಎದೆಗವಚಿಕೊಂಡಳು. "ಯಾಕಮ್ಮಾ ಹಂಗ್ ಕಿರುಚ್ತೀಯಾ? ನಂಗೇನಾಗಿದೆ? ನಂಗೆಲ್ಲಿಂದ ಬರುತ್ತೆ ಅದು?"

ಪ್ರೊಫೆಸರಮ್ಮ ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. ಆಮೇಲೆ ಹೇಳಿದರು:

"ನೀನಿನ್ನೂ ಅಂಬೆಗಾಲಿಡ್ತಿದ್ದೆ. ನಂಗಾಗ ಈ ವೈರಸ್ಸಿನ ಹೆಸ್ರೂ ಗೊತ್ತಿರ್ಲಿಲ್ಲ. ದಿನಕ್ಕೆ ನೂರು ಮುತ್ತು ಕೊಡ್ತಿದ್ದೆ ನಾನು."