ರಾಮಯ್ಯ ಯಾರು?

“ಐದು ಲೀಟರ್ ಹಿಡಿಯೋ ಪಾತ್ರೆ ಆದ್ರೂ ಕೊಡೇ ಮಾರಾಯ್ತಿ. ಕುಕ್ಕರ್ ತಂದ್ಕೊಡ್ತಾಳೆ, ಕುಕ್ಕರು! ಅದ್ರಲ್ಲಿ ನೂರು ಜನಕ್ಕೆ ಕಾಫಿ ಕಾಯಿಸ್ಲಾ?”

ಕಾಗದನಗರದ ಆ ಮಿಲ್ ಕ್ವಾರ್ಟರ್ಸ್ ಸಾಲಿನ ಏಳನೆಯ ಮನೆ ಬಾಗಿಲಲ್ಲಿ ನಿಂತು ಲಿಂಗಮ್ಮ ಜಗಳಕ್ಕೇ ಇಳಿದಿದ್ದಳು. ಕಂಕುಳಲ್ಲಿ ಆಗಲೇ ಎರಡು ಪಾತ್ರೆಗಳಿದ್ದವು, ಎರಡೂ ಚಿಕ್ಕವು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬಂದವರಿಗೆ ನೆರೆಹೊರೆಯವರೇ ಕಾಫಿ ಕೊಡಬೇಕು. ಇಪ್ಪತ್ತು ವರ್ಷದಿಂದ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡದವಳು ಸಗಾಯಮ್ಮ. ಇವತ್ತು ಸತ್ತವಳು ಅವಳೇ. ಸಾಲಿಗೆ ಸಾಲೇ ಒಂದು ಕೊಳಗವಿಲ್ಲದೆ ಪರದಾಡುತ್ತಿತ್ತು.

ಶಿವಮೊಗ್ಗದ ಬಸ್ಸಿಳಿದು ಹೆಂಡತಿ ಜಗದಾಂಬಾಳ ಜೊತೆ ಬರುತ್ತಿದ್ದ ಕಾಂತರಾಜ್ ಆ ದನಿ ಕೇಳಿ ತಿರುವಿನಲ್ಲೇ ನಿಂತುಬಿಟ್ಟ. ಕೈಯಲ್ಲಿ ಸೇವಂತಿಗೆ ಹಾರವಿತ್ತು. ಎರಡೂವರೆ ತಿಂಗಳ ಹಿಂದೆ ಈ ಸಾಲು ಬಿಟ್ಟು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಬಾಡಿಗೆ ಹಿಡಿದ ಮೇಲೆ ಅವನು ಇತ್ತ ತಲೆ ಹಾಕಿರಲಿಲ್ಲ. ಮಿಲ್ಲಿಗೆ ದಿನಾ ಬರುತ್ತಿದ್ದ. ಶಿಫ್ಟ್ ಮುಗಿದರೆ ಸುತ್ತುದಾರಿ ಹಿಡಿದು ಬಸ್ ಹತ್ತುತ್ತಿದ್ದ.

“ಇಲ್ಲಿಂದ್ಲೇ ವಾಪಸ್ ಹೋಗ್ಬಿಡೋಣ್ವಾ?” ಎಂದ.

“ನೀವು ಹೋಗಿ. ನನ್ನ ಬಾಣಂತನ ಮಾಡಿದ ಕೈ ಅದು. ಮುಖ ನೋಡ್ದೆ ಹೋದ್ರೆ ಹುಳ ಬಿದ್ದು ಸಾಯ್ತೀನಿ,” ಎಂದು ಜಗದಾಂಬಾ ನಡೆದೇಬಿಟ್ಟಳು.

ಅಷ್ಟರಲ್ಲಿ ಲಿಂಗಮ್ಮ ಅವನನ್ನು ನೋಡಿದಳು. “ಬಂದ್ಯೇನಪ್ಪ ಕಾಂತರಾಜು? ನೋಡು ನಮ್ಮ ಹಣೆಬರಹ. ನಿಮ್ಮಪ್ಪನ ಕೊಳಗ ಇದ್ದಿದ್ರೆ...” ಎಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು. ಆ ಕೊಳಗ ಹೋದ ದಿನ ಅವಳೂ ಕಿಟಕಿಯ ಹಿಂದೆ ನಿಂತು ಎಲ್ಲ ನೋಡಿದವಳೇ. ಪಾತ್ರೆ ಸರಿಪಡಿಸಿಕೊಳ್ಳುವ ನೆವದಲ್ಲಿ ಮುಖ ತಿರುಗಿಸಿದಳು.

*

ಕಾಂತರಾಜನ ಅಪ್ಪ ರಾಮಯ್ಯ ಹೋದದ್ದು ತೊಂಬತ್ತನಾಲ್ಕರಲ್ಲಿ. ಅವತ್ತು ಸಗಾಯಮ್ಮ ಯಾರೂ ಕರೆಯದೆ ಬಂದು, ಅಂಗಳದಲ್ಲಿ ಮೂರು ಇಟ್ಟಿಗೆ ಹೂಡಿ, ಏಳು ಸಲ ಕಾಫಿ ಕಾಯಿಸಿದ್ದಳು. ಅವಳ ಮನೆಯ ಅತಿ ದೊಡ್ಡ ಪಾತ್ರೆಯೇ ಅಷ್ಟು ಚಿಕ್ಕದಿತ್ತು.

“ನಿಮ್ಮಪ್ಪ ಊರು ತುಂಬ ಜನ ಸಂಪಾದಿಸಿದಾರೆ, ನನ್ನ ಪಾತ್ರೆ ನೋಡಿದ್ರೆ ಹಕ್ಕಿ ನೀರು ಕುಡಿಯೋ ಹಾಗಿದೆ,” ಎಂದು ಹೊಗೆಗೆ ಕಣ್ಣೊರೆಸಿಕೊಂಡು ಗೊಣಗಿದ್ದಳು.

ಹದಿಮೂರನೆಯ ದಿನಕ್ಕೆ ಕಾಂತರಾಜ್ ಶಿವಮೊಗ್ಗದಿಂದ ಐವತ್ತು ಲೀಟರಿನ ಕೊಳಗ ತಂದ. ಕಂಠದ ಮೇಲೆ ‘ರಾಮಯ್ಯನವರ ಜ್ಞಾಪಕಾರ್ಥ’ ಎಂದು ಕೆತ್ತಿಸಿದ್ದ. ಸಾಲಿನವರೆಲ್ಲ ಬಳಸಲಿ ಎಂದು ಅದನ್ನು ಸಗಾಯಮ್ಮನ ಹಿತ್ತಿಲ ಜಗುಲಿಯಲ್ಲಿ ಇಟ್ಟ. ಅದನ್ನು ನೋಡಿ ಒಬ್ಬರು ಬಕೆಟ್ ಕೊಟ್ಟರು, ಒಬ್ಬರು ಲೋಟ, ಇನ್ನೊಬ್ಬರು ಜಮಖಾನ. ನಾಮಕರಣವಾಗಲಿ, ತಿಥಿಯಾಗಲಿ, ಪಾತ್ರೆ ಹೋಗುವುದು ಅಲ್ಲಿಂದಲೇ. ವಾಪಸ್ ಬಂದಾಗ ಸಗಾಯಮ್ಮ ಬೋರಲು ಹಾಕಿ ತಳಕ್ಕೆ ಬೆರಳಾಡಿಸುವಳು. “ಮಸಿ ಹೋಗಿಲ್ಲ. ತಗೊಂಡ್ಹೋಗು, ತಿಕ್ಕಿ ತಾ.” ಯಾವ ದೊಡ್ಡಮನುಷ್ಯರಿಗೂ ಮುಲಾಜಿಲ್ಲ.

ಅವಳ ಮನೆಯಲ್ಲಿ ಹನಿ ನೀರು ಮುಟ್ಟದ ಸುಭದ್ರಮ್ಮ ಸತ್ಯನಾರಾಯಣ ಪೂಜೆಗೆ ಅದೇ ಕೊಳಗ ಒಯ್ದು, ಹುಣಸೆಹಣ್ಣು ಹಾಕಿ ತಿಕ್ಕಿ, ಪಾಯಸ ಮಾಡುತ್ತಿದ್ದರು. “ಚೆನ್ನಾಗಿ ತಿಕ್ಕಿ ತಾಯಿ, ಒಂದು ಕೆಲ್ಸ ಮಿಕ್ತು ನಂಗೆ,” ಎಂದು ಸಗಾಯಮ್ಮ ನಗುತ್ತಿದ್ದಳು.

ಅಕ್ಟೋಬರ್ ಬಂದರೆ ಅಲ್ಲಿನ ಕ್ರೈಸ್ತರು ದಿನಕ್ಕೊಬ್ಬರ ಮನೆಯಲ್ಲಿ ಸೇರಿ, ಮಣಿ ಎಣಿಸಿ ಜಪಸರ ಹೇಳುವರು. ಸಗಾಯಮ್ಮನ ಮನೆಯ ಸರದಿಯ ದಿನ ಇಡೀ ಸಾಲಿಗೆ ಕಡಲೆ ಉಸಲಿ. ಕಾಂತರಾಜ್ ಪ್ರತಿ ವರ್ಷ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದ.

*

ನಡುಮನೆಯಲ್ಲಿ ಪೆಟ್ಟಿಗೆಯೊಳಗೆ ಸಗಾಯಮ್ಮ ಬಿಳಿ ಸೀರೆ ಉಟ್ಟು ಮಲಗಿದ್ದಳು. ಮೂರು ತಿಂಗಳಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಆಮೇಲೆ ಊಟ ಬಿಟ್ಟಳು ಎಂದು ಯಾರೋ ಹೇಳುತ್ತಿದ್ದರು. ಯಾವುದರ ಆಮೇಲೆ ಎಂದು ಯಾರೂ ಕೇಳಲಿಲ್ಲ.

ಕಾಂತರಾಜ್ ಹಾರ ಇಟ್ಟು ಹಿಂದೆ ಸರಿಯುವಷ್ಟರಲ್ಲಿ ಗಂಡ ಅರುಳಪ್ಪ ಬಂದು ಅವನ ಎರಡೂ ಕೈ ಹಿಡಿದುಕೊಂಡ.

“ಬಂದ್ಯಾ? ನೀನು ಬಂದೇ ಬರ್ತೀಯ ಅಂತ ಹುಲಿಯಪ್ಪಂಗೆ ಹೇಳ್ತಿದ್ದೆ. ಮುಂದುಗಡೆ ಬಲಗಡೆ ಹೆಗಲು ನಿಂದು. ಬೇರೆ ಯಾರಿಗೂ ಕೊಡಲ್ಲ.”

“ಅರುಳಣ್ಣ, ನಾನು...”

“ಸೋಮವಾರ ಕೋರ್ಟಲ್ಲಿ ಕೇಸಿನ ಕಾಗದ ಎಲ್ಲ ಕೊಡ್ತಾರಂತೆ. ಪೊಲೀಸ್ರು ಪಾತ್ರೆ ಹೊತ್ಕೊಂಡ್ಹೋದಾಗ ಯಾವ ಪುಣ್ಯಾತ್ಮರು ಸಾಕ್ಷಿ ಸೈನ್ ಹಾಕಿದ್ರು ಅಂತ ಅವತ್ತು ಗೊತ್ತಾಗುತ್ತೆ. ನೀನು ಬಂದು ಆ ಕೊಳಗ ನಮ್ಮಪ್ಪಂದು ಅಂತ ಒಂದ್ಮಾತು ಹೇಳು ಮಾರಾಯ. ಅವಳ ಹೆಸರು ಉಳಿದ್ರೆ ಸಾಕು.” ಅರುಳಪ್ಪ ಟವೆಲಿನಿಂದ ಮೂಗೊರೆಸಿಕೊಂಡ. “ಸಾಯೋ ತನಕ ಅದನ್ನೇ ಅಂತಿದ್ಲು. ಅವತ್ತು ಕಾಂತರಾಜು ಆಲ್ಕೊಳದ ತಂಗಿ ಮನೆಗೆ ಹೋಗಿದ್ದ, ಇಲ್ಲಿದ್ದಿದ್ರೆ ಸುಮ್ನೆ ಬಿಡ್ತಿದ್ನಾ, ಅಂತ.”

ಗೋಡೆಗೊರಗಿ ಕೂತಿದ್ದ ಜಗದಾಂಬಾ ತಲೆಯೆತ್ತಿ ಗಂಡನನ್ನೊಮ್ಮೆ ನೋಡಿ, ಸೆರಗು ಬಾಯಿಗೊತ್ತಿಕೊಂಡಳು.

*

ಅವತ್ತು ಅವನು ಯಾವ ತಂಗಿಯ ಮನೆಗೂ ಹೋಗಿರಲಿಲ್ಲ. ಇದೇ ಮನೆಯೆದುರು, ಪೊಲೀಸ್ ಜೀಪಿಗೆ ನಾಲ್ಕು ಮಾರು ದೂರದಲ್ಲಿ ನಿಂತಿದ್ದ.

ಅರುಳಪ್ಪ ಎರಡನೆಯ ಶಿಫ್ಟಿನಲ್ಲಿದ್ದ. ಒಳಗೆ ಜಪಸರ ನಡೆದಿತ್ತು. ಎಲ್ಲಿಂದಲೋ ಬಂದ ಮೂವತ್ತು ನಲವತ್ತು ಗಂಡಸರು ಮತಾಂತರ, ಮತಾಂತರ ಎಂದು ಕೂಗುತ್ತ ಒಳನುಗ್ಗಿ, ದೇವಮಾತೆಯ ಪಟ ಒಡೆದು, ಹೆಂಗಸರನ್ನು ಹೊರಗೆಳೆದರು. ಆಮೇಲೆ ಬಂದ ಪೊಲೀಸರು ನುಗ್ಗಿದವರನ್ನು ಬಿಟ್ಟು ಮನೆಯನ್ನು ಜಾಲಾಡಿದರು. ಹಿತ್ತಿಲಲ್ಲಿ ಪಾತ್ರೆಗಳು ಕಂಡವು.

“ಇಬ್ಬರೇ ಇರೋ ಮನೇಲಿ ಇಷ್ಟೊಂದು ಪಾತ್ರೆ ಯಾಕಮ್ಮ?”

“ಜನಕ್ಕೆ ಹಂಚಿ ಜಾತಿ ಕೆಡಿಸೋಕೆ ಸಾರ್!” ಗುಂಪಿನಿಂದ ಯಾರೋ ಒಬ್ಬ ಕೂಗಿದ.

ಸಗಾಯಮ್ಮನಿಗೆ ಅಷ್ಟು ಗಾಬರಿಯಲ್ಲೂ ನಗು ಬಂತು. “ಅಯ್ಯೋ ದೇವ್ರೇ, ಇದು ನಮ್ಮ ಸಾಲಿನವರ ಪಾತ್ರೆ ಸಾರ್. ಬೇಕಾದ್ರೆ ಕೇಳಿ.” ಎಂದವಳೇ ಸಾಲಿನುದ್ದಕ್ಕೂ ನೋಡಿದಳು. ಒಂದೊಂದೇ ಬಾಗಿಲು ಮುಚ್ಚಿಕೊಂಡಿತು.

ಸಬ್ ಇನ್ಸ್‌ಪೆಕ್ಟರ್ ಟಾರ್ಚ್ ಬಿಟ್ಟು ಕೊಳಗದ ಮೇಲಿನ ಅಕ್ಷರ ಓದಿದರು. ಹತ್ತಿರವಿದ್ದ ಕಾಂತರಾಜನತ್ತ ತಿರುಗಿದರು. “ರಾಮಯ್ಯ ಯಾರ್ರೀ?”

“ಇವ್ನೂ ಉಸಲಿ ತಿನ್ನೋಕೆ ಬರೋನೇ ಇರ್ಬೇಕು,” ಎಂದು ಬೆನ್ನ ಹಿಂದೆ ಯಾರೋ ಅಂದದ್ದು ಕೇಳಿಸಿತು.

“ಗೊತ್ತಿಲ್ಲ ಸಾರ್.”

“ಇದೇ ಸಾಲಿನವರಲ್ವಾ ನೀವು? ಸರಿಯಾಗಿ ಯೋಚ್ನೆ ಮಾಡಿ ಹೇಳಿ.”

“ಯಾರೋ ಏನೋ ಸಾರ್.”

ಹೆತ್ತ ಅಪ್ಪನನ್ನು ಯಾರೋ ಏನೋ ಅಂದುಬಿಟ್ಟ. ಥೂ, ಅದೂ ಒಂದು ನಾಲಿಗೆಯೇ! ಸಗಾಯಮ್ಮ ಅವನನ್ನು ದಿಟ್ಟಿಸಿದಳು. ಈಗ ಬಾಯಿ ಬಿಡುತ್ತಾಳೆ, ಇವನ ಅಪ್ಪನೇ ಸಾರ್ ಅನ್ನುತ್ತಾಳೆ ಎಂದು ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಸೆರಗು ಹೊದ್ದುಕೊಂಡು, “ಹೋಗ್ಲಿ ಬಿಡಿ ಸಾರ್. ಅವ್ರನ್ನ ಯಾಕೆ ಗೋಳುಹೊಯ್ಕೊಳ್ತೀರಿ,” ಎಂದಳು.

ಮತಾಂತರದ ಆಮಿಷಕ್ಕಾಗಿ ಶೇಖರಿಸಿಟ್ಟಿದ್ದ ಪಾತ್ರೆಗಳು ಎಂದು ಮಹಜರಿನಲ್ಲಿ ಬರೆದರು. ಸಾಕ್ಷಿಗೆಂದು ಕರೆದ ಪಂಚರಲ್ಲಿ ಒಬ್ಬನಾಗಿ ಕಾಂತರಾಜ್ ಸೈನ್ ಹಾಕಿದ. ಓದದೆ ಹಾಕಿದೆ ಎಂದು ಆಮೇಲೆ ಹೆಂಡತಿಗೆ ಹೇಳಿದ್ದು ಸುಳ್ಳು. ಪೂರ್ತಿ ಓದಿಯೇ ಹಾಕಿದ್ದ.

ಮಿಲ್ಲಿನ ಗೇಟಿನಿಂದ ಹೊರಬಂದ ಅರುಳಪ್ಪನನ್ನು ಹಾಗೆಯೇ ಜೀಪಿಗೆ ಹತ್ತಿಸಿದರು. ಜಾಮೀನು ಸಿಗಲು ಐದು ದಿನ ಬೇಕಾಯಿತು. ತಿರುಗಿ ಬಂದವನಿಗೆ ಸಾಲಿನಲ್ಲಿ ಯಾರೂ ಏನೂ ಹೇಳಲಿಲ್ಲ. ಕಾಂತರಾಜನ ಹೆಸರು ಎತ್ತಿದರೆ, ನೀವೆಲ್ಲ ಎಲ್ಲಿದ್ದಿರಿ ಎಂಬ ಪ್ರಶ್ನೆ ಬರುತ್ತಿತ್ತಲ್ಲ.

*

ಫಾದರ್ ಪ್ರಾರ್ಥನೆ ಮುಗಿಸಿದರು. ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಬಿತ್ತು. ಅದೇ ಸಾಲಿನ ಹುಲಿಯಪ್ಪ ಮುಂದೆ ಎಡಕ್ಕೆ ನಿಂತ. ಚರ್ಚಿನಿಂದ ಬಂದ ಇಬ್ಬರು ಹಿಂದೆ ನಿಂತರು.

“ಕಾಂತರಾಜು, ಬಾರಪ್ಪ,” ಎಂದ ಅರುಳಪ್ಪ.

ಕಾಂತರಾಜ್ ಹೋಗಿ ಮರಕ್ಕೆ ಕೈಯಿಟ್ಟ. ಸುಮ್ಮನೆ ಹೊತ್ತುಬಿಟ್ಟರೆ ಸೋಮವಾರದವರೆಗೆ ಒಳ್ಳೆಯವನಾಗಿಯೇ ಇರಬಹುದಿತ್ತು. ಅವಳೇ ಕೊಟ್ಟುಹೋದ ಒಳ್ಳೆಯತನ ಅದು. ಕೈ ತೆಗೆದುಬಿಟ್ಟ.

“ಅರುಳಣ್ಣ, ನಾನು ಅವತ್ತು ಆಲ್ಕೊಳಕ್ಕೆ ಹೋಗಿರ್ಲಿಲ್ಲ. ಇಲ್ಲೇ ಇದ್ದೆ.”

“ಏನಂದೆ?”

“ರಾಮಯ್ಯ ಯಾರು ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ. ಸೈನ್ ಹಾಕಿದ್ದೂ ನಾನೇ. ಅಕ್ಕಂಗೆ ಎಲ್ಲ ಗೊತ್ತಿತ್ತು, ನಿಂಗೆ ಸುಳ್ಳು ಹೇಳಿದ್ಲು. ಸೋಮವಾರ ಬರ್ತೀನಿ, ಜಡ್ಜ್ ಮುಂದೆ ನಿಜ ಹೇಳ್ತೀನಿ, ಏನು ಬೇಕಾದ್ರೂ ಆಗ್ಲಿ. ಆದ್ರೆ ಇವಳನ್ನ ಹೊರೋ ಯೋಗ್ಯತೆ ನಂಗಿಲ್ಲ ಅಣ್ಣ.”

ಅರುಳಪ್ಪ ಅವನನ್ನು ನೋಡಿದ. ಆಮೇಲೆ ಲಿಂಗಮ್ಮನತ್ತ ನೋಡಿದ. ಅವಳು ನೆಲ ನೋಡಿದಳು. ಹುಲಿಯಪ್ಪನೂ ನೆಲ ನೋಡಿದ. ಅಂಗಳದಲ್ಲಿ ನಿಂತಿದ್ದ ಸಾಲಿನ ಗಂಡಸರೆಲ್ಲ ನೆಲವನ್ನೇ ನೋಡುತ್ತಿದ್ದರು.

“ಎಲ್ರಿಗೂ ಗೊತ್ತಿತ್ತಾ?”

“ಹೊತ್ತಾಗ್ತಿದೆ,” ಎಂದರು ಫಾದರ್ ಮೆಲ್ಲಗೆ.

ಅರುಳಪ್ಪ ಚಪ್ಪಲಿ ಬಿಟ್ಟ. ಟವೆಲನ್ನು ಮಡಿಸಿ ಬಲಹೆಗಲಿಗೆ ಹಾಕಿಕೊಂಡು ತಾನೇ ಮುಂದಿನ ಮೂಲೆಗೆ ನಿಂತ. ಉಳಿದ ಮೂವರಿಗಿಂತ ಅವನು ಗೇಣುದ್ದ ಗಿಡ್ಡ. ಎತ್ತಿದ ಕೂಡಲೇ ಪೆಟ್ಟಿಗೆ ಅವನ ಕಡೆಗೆ ವಾಲಿತು, ಭಾರವೆಲ್ಲ ಅವನ ಮೇಲೆ ಬಿತ್ತು. ಗೇಟು ದಾಟಿದರು, ತಿರುವು ದಾಟಿದರು. ಎರಡು ಕಡೆ ನಿಂತು ಉಸಿರು ತೆಗೆದುಕೊಂಡ, ಹೆಗಲು ಕೊಡಿ ಎಂದು ಯಾರನ್ನೂ ಕೇಳಲಿಲ್ಲ. ಚರ್ಚಿನವರೆಗೂ ಪೆಟ್ಟಿಗೆ ಹಾಗೆ ವಾಲಿಕೊಂಡೇ ಹೋಯಿತು. ಅದರ ಹಿಂದೆ ಸಾಲಿನ ಇಪ್ಪತ್ತು ಜನ ಗಟ್ಟಿಮುಟ್ಟಾದ ಗಂಡಸರು ಕೈಕಟ್ಟಿಕೊಂಡು ನಡೆಯುತ್ತಿದ್ದರು.