ಗುರುದೇವಿಯ ಐವತ್ತು ಪರ್ಸೆಂಟ್

ಹಂಚಿನ ಮೇಲೆ ರೊಟ್ಟಿ ಉಬ್ಬುವ ಹೊತ್ತಿಗೆ ಫೋನಿಗೆ ಮೆಸೇಜು ಬಂತು. ಗುರುದೇವಿ ಹಿಟ್ಟಿನ ಕೈಯಲ್ಲೇ ಓದಿದಳು. ‘ನಿಮ್ಮ ವಾಹನದ ಕ್ಲೈಮ್ ದಾಖಲಾಗಿದೆ. ಸರ್ವೇ ಮುಗಿದಿದೆ. ಮಂಜೂರಾತಿ ಬಾಕಿ ಇದೆ.’ ಇನ್ನೊಮ್ಮೆ ಓದಿದಳು. ಅವಳು ಯಾವ ಕ್ಲೈಮನ್ನೂ ಮಾಡಿರಲಿಲ್ಲ. ಗಾಡಿ ಮೂರು ದಿನದಿಂದ ಗಂಡ ವಿಠಲ ಕೆಲಸ ಮಾಡುವ ಗ್ಯಾರೇಜಿನಲ್ಲಿತ್ತು. ದಸರಾ ಪೂಜೆಗೆ ಮುಂಚೆ ಆಯಿಲ್ ಬದಲಿಸಿ ತರುತ್ತೇನೆಂದು ಒಯ್ದಿದ್ದ. ಮೊನ್ನೆ ಬೆಳಿಗ್ಗೆ ಅವಳ ಫೋನು ಇಸಿದುಕೊಂಡು, ಒಳಗೊಳಗೇ ನಗುತ್ತ ಯಾವುದೋ ಓಟಿಪಿ ಬರೆದುಕೊಂಡಿದ್ದು ಈಗ ನೆನಪಾಯಿತು.

ರೊಟ್ಟಿ ಸೀಯಿತು. ಅವಳು ಒಲೆ ಆರಿಸಿ, ಕೈ ತೊಳೆದು, ಬೀದಿಗೆ ಬಂದು ಆಟೋ ಹಿಡಿದಳು.

ಆಳಂದದಿಂದ ಬಂದು ತೆಲುಗು ಸೀಮೆಯ ಲಿಂಗಂಪಲ್ಲಿ ಸ್ಟೇಷನ್ ಹಿಂದೆ ರೂಮು ಹಿಡಿದಿದ್ದ ಈ ಹೆಂಗಸು ಐದು ವರ್ಷದ ಹಿಂದೆ ಕ್ಯಾಬ್ ಕೊಂಡಾಗ, ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರ್ ಕಾಶಿನಾಥ ಚಹಾ ಕುಡಿಯುತ್ತ ಎಲ್ಲರೆದುರಿಗೆ ಅಂದಿದ್ದ: "ಹೆಣ್ಮಕ್ಕಳ ಕೈಯಾಗ ಸ್ಟೇರಿಂಗ್ ಅಂದ್ರ ವರ್ಷಕ್ಕ ಎರಡು ಕ್ಲೈಮ್. ಬರದಿಟ್ಕೊಳ್ರಿ." ಎಲ್ಲರೂ ನಕ್ಕಿದ್ದರು. ಗುರುದೇವಿ ನಗಲಿಲ್ಲ. ಕ್ಲೈಮ್ ಮಾಡದ ಮೊದಲ ವರ್ಷಕ್ಕೆ ಇನ್ಶೂರೆನ್ಸಿನ ಕಂತಿನಲ್ಲಿ ಬೋನಸ್ ಅಂತ ಇಪ್ಪತ್ತು ಪರ್ಸೆಂಟ್ ಬಿಟ್ಟರು. ಆಮೇಲೆ ಇಪ್ಪತ್ತೈದು, ಮೂವತ್ತೈದು, ನಲವತ್ತೈದು. ಈ ವರ್ಷ ಐವತ್ತು. ಅದರ ಮೇಲೆ ಇಲ್ಲ. ಪ್ರತಿ ವರ್ಷ ಹೊಸ ಪಾಲಿಸಿಯ ಕಾಗದ ಒಯ್ದು ಕಾಶಿನಾಥನ ಚಹಾದ ಪಕ್ಕ ಇಡುತ್ತಿದ್ದಳು. ಐದನೇ ವರ್ಷ ಅವನು ಚಹಾ ಬಿಟ್ಟು ಎದ್ದು ಹೋದ. ಆ ಕಾಗದವೀಗ ದೇವರ ಜಗಲಿಯ ಮೇಲೆ ಫೋಟೋ ಹಿಂದಿದೆ.

ಹಾಗಂತ ಗಾಡಿಗೆ ಏನೂ ತಾಗಿರಲಿಲ್ಲ ಅಂತಲ್ಲ. ಅವಳು ದಿನವೂ ಹೆಣ್ಣುಮಕ್ಕಳನ್ನು ಕರೆದೊಯ್ಯುವುದು ಜೀಡಿಮೆಟ್ಲಾದ ಔಷಧ ಕಾರ್ಖಾನೆಗೆ. ಅಲ್ಲಿ ನೀರಿನ ಟ್ಯಾಂಕರ್ ಒಂದು ನಿಂತ ಗಾಡಿಗೇ ಹಿಂದಿನಿಂದ ಗುದ್ದಿತ್ತು. ದಿಲ್‌ಸುಖ್‌ನಗರದಲ್ಲಿ ಹಣ್ಣಿನ ಬಂಡಿ ಎಡಗಡೆ ಬಾಗಿಲನ್ನು ಉದ್ದಕ್ಕೆ ಗೀರಿತ್ತು. ಯಾವುದೂ ಅವಳ ತಪ್ಪಲ್ಲ. ಆದರೆ ಕಂಪನಿಯವರು ಯಾರ ತಪ್ಪು ಅಂತ ನೋಡುವುದಿಲ್ಲ, ಪೆಟ್ಟು ಸಣ್ಣದೋ ದೊಡ್ಡದೋ ಅಂತಲೂ ನೋಡುವುದಿಲ್ಲ. ಒಂದು ಗೀರಿಗೆ ಕ್ಲೈಮ್ ಮಾಡಿದರೂ ಐವತ್ತು ಹೋಗಿ ಸೊನ್ನೆ. ಮತ್ತೆ ಇಪ್ಪತ್ತರಿಂದ ಶುರು. ಅದಕ್ಕೇ ಅವಳು ಹಲ್ಲು ಕಚ್ಚಿಕೊಂಡು ಆ ಗೀರು ತಗ್ಗುಗಳ ಜೊತೆಗೇ ಓಡಾಡಿದ್ದಳು. ಡೆಂಟಿಂಗ್ ಮಾಡುವ ಗಂಡನಿಗೆ "ಒಂದು ಐತವಾರ ಕುಂತು ಬಡದು ಸರಿ ಮಾಡ್ರಿ" ಎಂದು ಎಷ್ಟು ಸಲ ಹೇಳಿದ್ದಳೋ! ನಾಳೆ, ನಾಳೆ ಅನ್ನುತ್ತಲೇ ಬಂದಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ದೊಣ್ಣೆ ಮನೆಯೊಳಗೇ ಉಂಡು ಮಲಗುತ್ತದೆ ಅಂತ ಅವಳಿಗೇನು ಗೊತ್ತು?

ಆಟೋದಿಂದ ಇಳಿದದ್ದೇ ಗ್ಯಾರೇಜಿನೊಳಗೆ ನುಗ್ಗಿದಳು. ಗಾಡಿ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಬಂಪರಿನ ತಗ್ಗಿಲ್ಲ, ಬಾಗಿಲ ಗೀರಿಲ್ಲ. ಕನ್ನಡಿಗೆ ಚೆಂಡುಹೂವಿನ ಮಾಲೆ ಬೇರೆ. ಪಕ್ಕದಲ್ಲಿ ವಿಠಲ ಕೈ ಒರೆಸಿಕೊಳ್ಳುತ್ತ ಬಾಯಗಲಿಸಿ ನಗುತ್ತ ನಿಂತಿದ್ದ.

"ಹೆಂಗೈತಿ? ಸಂಜಿಕಿ ತಂದು ತೋರಸಬೇಕಂತ ಮಾಡಿದ್ದೆ. ಒಂದು ರೂಪಾಯಿ ಖರ್ಚಿಲ್ಲ, ಎಲ್ಲಾ ಇನ್ಶೂರೆನ್ಸ್‌ನ್ಯಾಗ. ಫುಕಟ್!"

"ಫುಕಟ್?" ಅವಳ ದನಿಗೆ ಆಚೆ ಗಾಡಿಯ ಕೆಳಗಿದ್ದವನೂ ತಲೆ ಹೊರಗೆ ಹಾಕಿದ. "ನನ್ನ ಐದು ವರ್ಷ ಫುಕಟ್ಟೇನು? ಟ್ಯಾಂಕರನವಗ ಕೈ ಮುಗಿದು ಸುಮ್ಮನ ಬಂದೀನಿ, ಅದು ಫುಕಟ್ಟೇನು? ನನ್ನ ಬೋನಸ್ ಸೊನ್ನಿ ಆಗತೈತಿ, ಗೊತ್ತೈತಿಲ್ಲ?"

ವಿಠಲನ ನಗು ಇಳಿಯಿತು. "ಯಾವ ಬೋನಸ್?"

ಅವನಿಗೆ ಗೊತ್ತಿರಲಿಲ್ಲ. ಇದನ್ನು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ನೆತ್ತಿಗೇರಿತು. ಹನ್ನೊಂದು ವರ್ಷದಿಂದ ಗಿರಾಕಿಗಳಿಗೆ ಮಾಲಕ ಹೇಳಿಕೊಟ್ಟ ‘ಫುಕಟ್’ ಎಂಬ ಮಾತನ್ನು ಹೇಳುತ್ತ ಹೇಳುತ್ತ ಅವನೇ ಅದನ್ನು ನಂಬಿಬಿಟ್ಟಿದ್ದ. ಹೆಂಡತಿ ವರ್ಷವರ್ಷವೂ ಕಾಗದವನ್ನು ದೇವರ ಜಗಲಿಯಲ್ಲಿ ಇಟ್ಟರೆ, ಇನ್ಶೂರೆನ್ಸಿಗೂ ಪೂಜೆ ಮಾಡುತ್ತಾಳೆ ಅಂದುಕೊಂಡಿದ್ದನಂತೆ.

ಮಾಲಕ ಚೇತನಕುಮಾರ ಬೀದರ ಕಡೆಯವನು. ಕುರ್ಚಿಯಿಂದ ಏಳದೆ ಅಂದ: "ಅಕ್ಕಾ, ಈಗ ಏನೂ ಆಗಂಗಿಲ್ಲ. ಸರ್ವೇ ಆಗೈತಿ."

"ಮಂಜೂರಾಗಿಲ್ಲ. ಅಲ್ಲೀತನಾ ವಾಪಸ್ ತಗೋಬಹುದು ಅಂತ ಆಟೋದಾಗ ಕುಂತು ಕಂಪನಿಯವರನ್ನ ಕೇಳೀನಿ. ಎಸ್ಟಿಮೇಟ್ ತೋರಸ್ರಿ."

ಅವನು ಕೊಡಲಿಲ್ಲ. ಅವಳೇ ಮೇಜಿನ ಮೇಲಿಂದ ಎಳೆದುಕೊಂಡಳು. ‘ಬಂಪರ್ ಹೊಸದು, ಎಡಗಡೆ ಬಾಗಿಲು ಹೊಸದು. ಒಟ್ಟು ಇಪ್ಪತ್ತೊಂದು ಸಾವಿರದ ಐನೂರು.’ ಅಕ್ಷರ ವಿಠಲನದೇ, ಲೆಕ್ಕ ಮಾಲಕನದು. ಗುರುದೇವಿ ಹೊರಗೆ ಹೋಗಿ ಬಂಪರಿನ ಒಳಮಗ್ಗುಲಿಗೆ ಕೈ ಹಾಕಿ ನೋಡಿದಳು. ಟ್ಯಾಂಕರ್ ಗುದ್ದಿದಾಗ ಬಿದ್ದ ಸೀಳು ಒಳಗೆ ಹಾಗೇ ಇತ್ತು. ಹಳೇ ಬಂಪರಿಗೇ ಬಣ್ಣ ಬಳಿದಿದ್ದರು.

"ಇದಕ್ಕ ಕೈಯಾಗ ರೊಕ್ಕ ಕೊಟ್ರ ಎಷ್ಟು?" ಎಂದು ಗಂಡನನ್ನು ಕೇಳಿದಳು.

ವಿಠಲ ಮಾಲಕನ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. "ನಾಕು ಸಾವಿರ," ಅಂದ.

"ಕೇಳಿದ್ರೆಲ್ಲ?" ಗುರುದೇವಿ ಫೋನು ಎತ್ತಿ ಹಿಡಿದಳು. "ಈಗಿಂದೀಗ ಕ್ಲೈಮ್ ವಾಪಸ್ ತಗೊಂಡ್ರ ನಾಕು ಸಾವಿರ ಎಣಿಸ್ತೀನಿ. ಇಲ್ಲಾಂದ್ರ ಅದೇ ಸರ್ವೇಯರನ್ನ ಕರಸ್ತೀನಿ, ಅವನೂ ಬಂಪರ್ ಒಳಗ ಕೈ ಹಾಕಿ ನೋಡ್ಲಿ."

ಚೇತನಕುಮಾರ ಕುರ್ಚಿಯಿಂದ ಎದ್ದ. ಕಾಲು ಗಂಟೆಯಲ್ಲಿ ಎರಡು ಫೋನು ಮಾಡಿ ಒಂದು ಮೇಲ್ ಕಳಿಸಿದ. ‘ಕ್ಲೈಮ್ ಹಿಂಪಡೆಯಲಾಗಿದೆ’ ಎಂಬ ಮೆಸೇಜು ಬಂದ ಮೇಲೆಯೇ ಗುರುದೇವಿ ಹಣ ಕೊಟ್ಟಳು. ಸಿಟ್ಟು ಮಾತ್ರ ಒಂದು ಕೂದಲಷ್ಟೂ ಇಳಿದಿರಲಿಲ್ಲ.

"ಹನ್ನೊಂದು ವರ್ಷದಾಗ ಎಷ್ಟು ಮಂದಿಗೆ ಫುಕಟ್ ಅಂದ್ರಿ?" ಎಂದು ಗಂಡನನ್ನು ಕೇಳಿದಳು.

"ನನಗ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ ಖರೆ. ಕೇಳಲೂ ಇಲ್ಲ."

ಅವಳು ಗಾಡಿ ಹತ್ತಿ ಕೀಲಿ ತಿರುಗಿಸುವಾಗ ಎದುರಿಗೆ ಬಿಳಿ ಕಾರೊಂದು ಬಂದು ನಿಂತಿತು. ಕನ್ನಡಕದ ಹೆಂಗಸೊಬ್ಬಳು ಇಳಿದು, ಇವರ ಮಾತು ಕಿವಿಗೆ ಬಿತ್ತೇನೋ, ಕನ್ನಡದಲ್ಲೇ ಕೇಳಿದಳು: "ನೋಡಿ, ಗೇಟಿಗೆ ತಾಗಿ ಇಷ್ಟೇ ಇಷ್ಟು ಗೀರಾಗಿದೆ. ಇನ್ಶೂರೆನ್ಸ್‌ನಲ್ಲಿ ಮಾಡಿಸಬಹುದಾ?"

"ಯಾಕಾಗಂಗಿಲ್ಲ ಮೇಡಂ! ಫುಲ್ ಫುಕಟ್," ಅಂದ ಚೇತನಕುಮಾರ. ಅವನಿಗೆ ನಾಚಿಕೆಯೂ ಇರಲಿಲ್ಲ.

"ಫುಕಟ್ ಅಲ್ರೀ ಅಮ್ಮಾರ." ವಿಠಲ ಮಾಲಕನನ್ನು ದಾಟಿ ಮುಂದೆ ಬಂದ. "ನಿಮಗ ಬೋನಸ್ ಎಷ್ಟೈತಿ, ಮೊದಲ ಪಾಲಿಸಿ ನೋಡ್ರಿ. ಎಲ್ಲಾ ಹೋಗತೈತಿ. ಈ ಗೀರು ಕೈಯಾಗ ಎಂಟನೂರಕ್ಕ ಆಗತೈತಿ."

ಮಾಲಕ ಏನು ಬೈದ, ಯಾವ ಭಾಷೆಯಲ್ಲಿ ಬೈದ ಅಂತ ಹೇಳುವುದು ಬೇಡ. ಕನ್ನಡ, ತೆಲುಗು, ಹಿಂದಿ ಮೂರನ್ನೂ ಬಳಸಿದ. ವಿಠಲ ತನ್ನ ಸುತ್ತಿಗೆ, ಉಳಿಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಗೇಟಿನ ಹೊರಗೆ ಬಂದು ನಿಂತ.

ಗುರುದೇವಿ ಅವನ ಪಕ್ಕಕ್ಕೆ ಗಾಡಿ ನಿಲ್ಲಿಸಿದಳು. ಮುಖ ಇನ್ನೂ ಕೆಂಡದ ಹಾಗಿತ್ತು. ಅವನು ಚೀಲ ಒಳಗಿಟ್ಟು, ಕೂತು, ಬಾಗಿಲಿಗೆ ಕೈ ಹಾಕಿದ.

"ಮೆತ್ತಗ ಹಾಕ್ರಿ," ಅಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ. "ಐವತ್ತು ಪರ್ಸೆಂಟ್ ಗಾಡಿ ಅದು."